ಮುಂದಿನ ಎರಡು ಗಾಲಿ

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಿಲಿಗೆ ಹೋಗಿ ಮೊಳ ಹಾಕಿದಳಂತೆ ಅನ್ನುವ ಮಾತು ತನಗೆ ಬರಬಾರದೆಂದು ನಾದಿಯಾ ಒಲಿನಿಕ್ ಇಡೀ ನವೆಂಬರ್ ತಿಂಗಳು ಬಾಯಿ ಮುಚ್ಚಿಕೊಂಡಿದ್ದಳು. ಬಾಯಿ ಮುಚ್ಚಿಕೊಂಡಿರುವುದು ಅವಳ ಜಾಯಮಾನವೇ ಅಲ್ಲ. ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಹಿಂದಿನ ಸೀಟಿನಲ್ಲಿ ಯಾರು ಯಾರ ಟೋಪಿ ಕಿತ್ತುಕೊಂಡರೆಂದು ಕನ್ನಡಿಯನ್ನೂ ನೋಡದೆ ಹೇಳಿ ಗದರಿಸುತ್ತಿದ್ದವಳು. ಆದರೆ ಎಪ್ಪತ್ತರ ಹೊಸ್ತಿಲಲ್ಲಿ ಎರಡು ಕಿಡ್ನಿಗಳೂ ಕೈಕೊಟ್ಟವು. ವಾರಕ್ಕೆ ಮೂರು ದಿನ, ಎಂಬತ್ತು ಕಿಲೋಮೀಟರ್ ದೂರದ ಪೇಟೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಹೋಗುವಾಗ ಅವಳೇ ಕಾರು ಓಡಿಸಬಹುದಿತ್ತು. ನಾಲ್ಕು ಗಂಟೆ ಯಂತ್ರಕ್ಕೆ ತೋಳು ಕೊಟ್ಟು ಎದ್ದ ಮೇಲೆ ತಲೆ ಗಿರ್ರೆನ್ನುವುದರಿಂದ ಬರುವಾಗ ಆಗುತ್ತಿರಲಿಲ್ಲ. ಆಗ "ನಾನಿಲ್ವಾ?" ಎಂದು ಕಾರು ತಂದು ಬಾಗಿಲಿಗೆ ನಿಲ್ಲಿಸಿದವನು ಹಳೆಯ ಗೆಳೆಯ ಲಾರ್ನ್ ಮೆಕ್‌ಕಿನ್ನನ್ ಒಬ್ಬನೇ. ಪೆಟ್ರೋಲಿನ ಕಾಸನ್ನೂ ಮುಟ್ಟುವವನಲ್ಲ. ಅಂಥವನ ಪಕ್ಕದಲ್ಲಿ ಕೂತು, ನಿನ್ನ ಟೈರು ಸರಿಯಿಲ್ಲ ಅನ್ನುವುದು ಹೇಗೆ?

ಸರಿಯಂತೂ ಇರಲಿಲ್ಲ. ಎಲ್ಲ ಕಾಲಕ್ಕೂ ಆಗುವ ಟೈರು ಅಂತ ಅದಕ್ಕೆ ಹೆಸರು. ಹೆಸರಿಟ್ಟವರು ಮೈನಸ್ ಮೂವತ್ತಕ್ಕೆ ಇಳಿಯುವ ಮ್ಯಾನಿಟೋಬದ ಜನವರಿಯನ್ನು ಕಾಲಗಳ ಲೆಕ್ಕಕ್ಕೆ ಸೇರಿಸಿರಲಿಲ್ಲ, ಅಷ್ಟೆ. ನೀರು ಹೆಪ್ಪುಗಟ್ಟುವುದಕ್ಕೆ ಮೊದಲೇ ಆ ರಬ್ಬರು ನಿನ್ನೆಯ ರೊಟ್ಟಿಯ ಹಾಗೆ ಸೆಟೆದುಕೊಳ್ಳುತ್ತದೆ. ಒಂದು ದಿನ ಲಾರ್ನ್ ಕಾಫಿ ತರಲು ಹೋದಾಗ ನಾದಿಯಾ ಕೆಳಗಿಳಿದು, ಕಳ್ಳಿಯ ಹಾಗೆ ಅತ್ತಿತ್ತ ನೋಡಿ, ಟೈರಿಗೆ ಹೆಬ್ಬೆರಳಿನ ಉಗುರು ಊರಿದಳು. ಉಗುರು ನೊಂದಿತು, ಟೈರಿಗೆ ಏನೂ ಆಗಲಿಲ್ಲ.

ಈ ವಿಷಯದಲ್ಲಿ ಲಾರ್ನ್‌ನದು ಒಂದೇ ಮಂತ್ರ. "ಗಾಡಿ ಓಡಿಸೋದು ಟೈರಲ್ಲ ಕಣೆ, ಮನುಷ್ಯ. ನಲವತ್ತು ವರ್ಷ ಆಯ್ತು, ಒಂದ್ಸಲನಾದ್ರೂ ಚರಂಡಿಗೆ ಬಿದ್ದಿದೀನಾ?"

ಎರಡು ಸಲ ಬಿದ್ದಿದ್ದ. ಒಂದು ಸಲ ಅವಳೇ ಬಸ್ಸು ನಿಲ್ಲಿಸಿ ಎಳೆಸಿದ್ದಳು. ಆದರೂ ಈಗ ನಕ್ಕು ಸುಮ್ಮನಾದಳು.

ನವೆಂಬರ್ ಕೊನೆಯ ಗುರುವಾರ ಹಿಮ ಬಿತ್ತು. ಹೊಳೆ ದಾಟಿದ ಮೇಲಿನ ಉದ್ದನೆಯ ಏರಿನಲ್ಲಿ ಕಾರು ಅರ್ಧಕ್ಕೆ ನಿಂತು, ಗಾಲಿ ಬುರ್ರನೆ ತಿರುಗಿ, ಮೆಲ್ಲಗೆ ಹಿಂದಕ್ಕೆ ಜಾರಿತು. ಮೂರು ಸಲ ಪ್ರಯತ್ನಿಸಿ ಇಬ್ಬರೂ ಮನೆಗೆ ವಾಪಸಾದರು. ಅವತ್ತಿನ ಡಯಾಲಿಸಿಸ್ ತಪ್ಪಿತು. ರಸ್ತೆಯ ಹಿಮ ತೆಗೆದ ಮೇಲೆ ಶನಿವಾರ ಆಸ್ಪತ್ರೆ ಮುಟ್ಟುವ ಹೊತ್ತಿಗೆ ನಾದಿಯಾಳ ಕಾಲು ಊದಿ ಬೂಟಿನ ಜಿಪ್ ಹತ್ತುತ್ತಿರಲಿಲ್ಲ. ನರ್ಸ್ ಮರೀಸೆಲ್ ಮನಿಲಾದ ಕಡೆಯವಳು, ಮೆದು ಮಾತಿನವಳು. ಅವತ್ತು ಮಾತ್ರ ಮೆದುವಾಗಿರಲಿಲ್ಲ.

"ಇನ್ನೊಂದ್ಸಲ ತಪ್ಪಿದ್ರೆ ನಾನು ಕೇಳಲ್ಲ ಅಮ್ಮಾ. ಆಸ್ಪತ್ರೆ ಹಿಂದೇನೇ ಒಂದು ಫ್ಲಾಟ್ ಖಾಲಿ ಇದೆ. ಏಪ್ರಿಲ್‌ವರೆಗೂ ಅಲ್ಲಿಗೆ ಬಂದ್ಬಿಡಿ. ಫಾರಂ ತುಂಬಿಸಿ ಇಟ್ಟಿದೀನಿ, ನಿಮ್ಮ ಸಹಿ ಒಂದೇ ಬಾಕಿ."

ನಾದಿಯಾ ಆ ಫ್ಲಾಟನ್ನು ನೋಡಿಯೂ ಬಂದಳು. ಚೊಕ್ಕ ಮನೆ, ಬೆಚ್ಚಗಿತ್ತು. ಕಿಟಕಿಯಿಂದ ಆಂಬುಲೆನ್ಸ್‌ಗಳು ಕಾಣುತ್ತಿದ್ದವು. ಅಲ್ಲಿ ಹುಳಿ ಬರಿಸಿದ ಎಲೆಕೋಸಿನ ಭರಣಿ ಇಡಲು ತಣ್ಣನೆಯ ನೆಲಮಾಳಿಗೆ ಇರಲಿಲ್ಲ. ಬುಧವಾರ, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟದ ಕ್ಲಬ್ಬಿನಲ್ಲಿ ಗಾಜಿನ ಹಿಂದೆ ಕೂತು ಎಳೆಯರ ಆಟಕ್ಕೆ ಬಾಯಿ ಹಾಕುವುದೂ ಇರುವುದಿಲ್ಲ. ಅಲ್ಲಿಗೆ ಹೋದರೆ ಬದುಕುತ್ತೇನೆ, ಆದರೆ ಒಂದು ಡಯಾಲಿಸಿಸ್‌ನಿಂದ ಇನ್ನೊಂದಕ್ಕೆ ಕಾಯುವುದೇ ಬದುಕಾಗುತ್ತದೆ ಎಂದು ಅವಳಿಗೆ ಅನ್ನಿಸಿತು. ತನ್ನ ಮನೆ ಬಿಟ್ಟು ಹೋಗಲು ಅವಳಿಗೆ ಸುತರಾಂ ಇಷ್ಟವಿರಲಿಲ್ಲ.

ಸೋಮವಾರ ಬೆಳಿಗ್ಗೆ ಮನೆಯ ಮುಂದೆ ಹಾರ್ನ್ ಬಾರಿಸಿ ಲಾರ್ನ್ ಕೂಗಿದ: "ಸ್ಕಿಪ್! ಹೊರಗೆ ಬಾ, ನೋಡು ಬಾ!"

ಸ್ಕಿಪ್ ಅಂದರೆ ಕರ್ಲಿಂಗ್ ತಂಡದ ನಾಯಕಿ. ಇಪ್ಪತ್ತೆರಡು ವರ್ಷ ನಾದಿಯಾ ನಾಯಕಿಯಾಗಿದ್ದ ತಂಡದಲ್ಲಿ ಲಾರ್ನ್ ಪೊರಕೆ ಹಿಡಿದವನು. ಮಂಜಿನ ಅಂಗಣದಲ್ಲಿ ಕಲ್ಲು ಜಾರುತ್ತಾ ಬರುವಾಗ ಅದರ ಮುಂದೆ ನೆಲ ಗುಡಿಸುತ್ತಾ ಓಡುವುದು ಅವನ ಕೆಲಸ, ಆ ತುದಿಯಲ್ಲಿ ನಿಂತು "ಗುಡಿಸೋ! ಜೋರಾಗಿ ಗುಡಿಸೋ, ಸೋಮಾರಿ!" ಎಂದು ಅರಚುವುದು ಅವಳ ಕೆಲಸ. ಆಟ ಬಿಟ್ಟು ಎಷ್ಟೋ ವರ್ಷವಾದರೂ ಅವನ ಬಾಯಲ್ಲಿ ಅವಳ ಹೆಸರು ಅದೇ.

ಅವಳು ಕೋಟು ಹೊದ್ದು ಹೊರಗೆ ಬಂದಳು. ಮುಂದಿನ ಗಾಲಿಗಳಿಗೆ ಹೊಚ್ಚ ಹೊಸ ಚಳಿಗಾಲದ ಟೈರು. ಕಪ್ಪಗೆ, ಆಳವಾದ ಗೀರುಗಳಿದ್ದವು. ಉಗುರು ಊರಿದಳು, ಮೆತ್ತಗೆ ಒಳಗೆ ಇಳಿಯಿತು. ಸಂತೋಷಕ್ಕೆ ಅವಳ ಕಣ್ಣು ತುಂಬಿತು. ಹಾಗೇ ಕಾರನ್ನು ಒಂದು ಸುತ್ತು ಬಂದಳು. ಹಿಂದಿನ ಎರಡು ಗಾಲಿಗಳಲ್ಲಿ ಹಳೆಯ ಟೈರುಗಳೇ ಇದ್ದವು.

"ಲಾರ್ನ್, ಹಿಂದೆ?"

"ಹಿಂದೆ ಯಾಕೆ? ಎಳೆಯೋದು ಮುಂದಿನ ಗಾಲಿ ತಾನೆ? ಹಿಂದಿಂದು ಸುಮ್ನೆ ಜೊತೆಗೆ ಬರತ್ತೆ. ಇನ್ನು ಆ ಏರು ನಮ್ಮನ್ನ ಏನೂ ಮಾಡಕ್ಕಾಗಲ್ಲ." ಅವನ ಮುಖ ಮದುಮಗನ ಮುಖದಂತೆ ಬೆಳಗುತ್ತಿತ್ತು. "ನೀನೇ ಯೋಚ್ನೆ ಮಾಡು. ಕರ್ಲಿಂಗ್‌ನಲ್ಲಿ ಒಂದು ಕಾಲಿಗೆ ಜಾರೋ ಅಟ್ಟೆ, ಇನ್ನೊಂದು ಕಾಲಿಗೆ ಹಿಡಿಯೋ ರಬ್ಬರ್ ಅಟ್ಟೆ. ಇಷ್ಟು ವರ್ಷ ಹಾಗೇ ಆಡಿಲ್ವಾ? ಅರ್ಧ ಜಾರಬೇಕು, ಅರ್ಧ ಹಿಡೀಬೇಕು. ಮಂಜಿನ ಗುಟ್ಟೇ ಅದು!"

ಥ್ಯಾಂಕ್ಸ್ ಅನ್ನುವ ಮಾತು ನಾದಿಯಾಳ ನಾಲಿಗೆಯ ತುದಿಗೆ ಬಂದಿತ್ತು. ಅಂದುಬಿಟ್ಟಿದ್ದರೆ ಎಲ್ಲ ಸುಸೂತ್ರ. ಆದರೆ ಬಸ್ಸಿನ ಡ್ರೈವರ್‌ಗೆ ಗೊತ್ತಿರುವ ಸತ್ಯ ಬೇರೆ: ನಾಲ್ಕೂ ಜಾರಿದರೆ ಗಾಡಿ ನೇರವಾಗಿಯಾದರೂ ಜಾರುತ್ತದೆ, ಮುಂದಿನದು ಹಿಡಿದು ಹಿಂದಿನದು ಜಾರಿದರೆ ಗಾಡಿ ಬುಗುರಿ. ನಾಳೆ ಮಂಗಳವಾರ, ಇನ್ನಷ್ಟು ಹಿಮ ಎಂದು ರೇಡಿಯೋ ಹೇಳಿತ್ತು.

"ಜಾರೋ ಅಟ್ಟೆ ಜಾರಬೇಕು ಅಂದಾಗ ಕಣೋ," ಅಂದಳು. "ನನ್ನ ಪಕ್ಕ ಕೂರಿಸ್ಕೊಂಡು ಎಲ್ಲಿಗೆ ಜಾರಬೇಕು ಅಂತಿದೀಯ? ಕಲ್ಲು ಗುಡಿಸೋವಾಗ ಜಾರೋ ಅಟ್ಟೆ ಮೇಲೆ ರಬ್ಬರ್ ಕವರ್ ಹಾಕ್ಕೋತಿದ್ದೆ ತಾನೆ? ಒಂದೇ ಒಂದು ಸಲ ಸೋಮಾರಿತನ ಮಾಡಿ ಹಾಗೇ ಓಡಿದೆ. ಏನಾಯ್ತು?"

ಲಾರ್ನ್ ತನ್ನ ಎಡ ಮಣಿಕಟ್ಟನ್ನು ಸವರಿಕೊಂಡ. ಅದು ಮುರಿದಾಗ ಹಾಕಿದ ಮೊಳೆ ಇವತ್ತಿಗೂ ಚಳಿಗೆ ನೋಯುತ್ತಿತ್ತು.

"ಅದೂ ಇದೂ ಒಂದೇನಾ? ಕೊಟ್ಟಿದ್ರಲ್ಲಿ ತಪ್ಪು ಹುಡುಕ್ತೀಯಲ್ಲ."

"ನಂಗೆ ಹೆದರಿಕೆ ಆಗತ್ತೆ ಕಣೋ," ಎಂದು ನಾದಿಯಾ ಅಂದೇಬಿಟ್ಟಳು.

"ಯಾವಾಗಿಂದ?"

"ಚಳಿ ಶುರುವಾದಾಗಿಂದ. ಪ್ರತಿ ಸಲ. ಹೋಗ್ತಾನೂ, ಬರ್ತಾನೂ."

ಅವನ ಮುಖ ಇಳಿಯಿತು. ಹೊಡೆತ ತಿಂದವನಂತೆ ಒಂದು ಹೆಜ್ಜೆ ಹಿಂದೆ ಸರಿದ. "ಹೇಳಬೇಕು ತಾನೆ? ಇಪ್ಪತ್ತೆರಡು ವರ್ಷ ಊರೆಲ್ಲ ಕೇಳೋ ಹಾಗೆ ನನ್ನ ಬೈದಿದೀಯಲ್ಲೆ. ಈಗೇನು ಸಂಕೋಚ?"

"ಅಲ್ಲಿ ನಾನು ನಿನ್ನ ಸ್ಕಿಪ್. ಇಲ್ಲಿ ನಿನ್ನ ಗಾಡೀಲಿರೋ ಲಗೇಜು. ಪುಕ್ಕಟೆ ಲಗೇಜು ಬಾಯಿ ಬಿಡತ್ತಾ?"

ಲಾರ್ನ್ ಕೂಡ ಹಟದವನೇ, ಬಾಯಿ ಮಾತಿಗೆ ಸೋಲುವ ಪೈಕಿಯಲ್ಲ. ಜೇಬಿನಿಂದ ಬೀಗದ ಕೈ ತೆಗೆದು ಅವಳತ್ತ ಎಸೆದ. "ಇವತ್ತು ನಿಂಗೆ ತಲೆ ಸುತ್ತಲ್ವಲ್ಲ. ತೋರಿಸು ಹಾಗಾದ್ರೆ."

ಕರ್ಲಿಂಗ್ ಕ್ಲಬ್ಬಿನ ಹಿಂದಿನ ಬಯಲಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ತುಳಿದು ಗಟ್ಟಿಯಾದ ಹಿಮ ಹೊಳೆಯುತ್ತಿತ್ತು. ಆರು ತಿಂಗಳ ನಂತರ ಸ್ಟಿಯರಿಂಗ್ ಹಿಡಿದ ನಾದಿಯಾಳ ಬೆನ್ನು ತಾನಾಗಿ ನೆಟ್ಟಗಾಯಿತು. ವೇಗ ನಲವತ್ತಕ್ಕೆ ಏರಿಸಿದಳು. ಹೊಸ ಟೈರು ಚೆನ್ನಾಗಿಯೇ ಎಳೆಯಿತು, ಲಾರ್ನ್ "ನೋಡ್ದಾ?" ಅಂದ. ಅವಳು ಎಡಕ್ಕೆ ತಿರುಗಿಸಿ ಬ್ರೇಕ್ ಒತ್ತಿದಳು. ಮೂತಿ ಎಡಕ್ಕೆ ಹೋಯಿತು, ಬಾಲ ಮೂತಿಯನ್ನು ಹಿಂದಿಕ್ಕಿ ಬಂತು. ಬಯಲೆಲ್ಲ ಅರ್ಧ ಸುತ್ತು ತಿರುಗಿದಂತಾಗಿ ಕಾರು ನಿಂತಾಗ ಇಬ್ಬರೂ ತಾವು ಬಂದ ದಾರಿಯನ್ನೇ ನೋಡುತ್ತಾ ಕೂತಿದ್ದರು.

"ನೀನು ಬೇಕಂತ ಮಾಡಿದೆ," ಅಂದ ಲಾರ್ನ್.

"ಹಾಗಾದ್ರೆ ತಿರುಗದ ಹಾಗೆ ನೀನು ಓಡಿಸು, ನೋಡೋಣ."

ಜಾಗ ಬದಲಾಯಿಸಿದರು. ಲಾರ್ನ್ ತುಟಿ ಕಚ್ಚಿಕೊಂಡು, ನಲವತ್ತು ವರ್ಷದ ಅನುಭವವನ್ನೆಲ್ಲ ಎರಡು ಕೈಯಲ್ಲಿ ಹಿಡಿದುಕೊಂಡು ಬಲಕ್ಕೆ ತಿರುಗಿಸಿದ. ಕಾರು ಈ ಸಲ ಬಲಗಡೆಯಿಂದ ಬುಗುರಿಯಾಗಿ ಹಿಮದ ರಾಶಿಗೆ ಹಿಂಬದಿ ಊರಿ ಕೂತಿತು. ಎಂಜಿನ್ ಆಫ್ ಆಯಿತು. ಅವನು ಮುಂದೆ ನೋಡುತ್ತಲೇ ಇದ್ದ.

"ನಾಳೆ ಆ ಇಳಿಜಾರಲ್ಲಿ, ಎದುರಿಗೆ ದಿಮ್ಮಿ ಲಾರಿ ಬರೋವಾಗ ಹೀಗಾದ್ರೆ..." ಅಂದ. ಸ್ಟಿಯರಿಂಗ್ ಬಿಟ್ಟು ಎಡ ಮಣಿಕಟ್ಟನ್ನು ಮತ್ತೆ ಸವರಿಕೊಂಡ.

"ಆಗಕ್ಕೆ ನಾವು ಬಿಟ್ರೆ ತಾನೆ," ಅಂದಳು ನಾದಿಯಾ. ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ಗಾಡಿ ಸ್ಟಾರ್ಟ್ ಮಾಡೋ, ಸೋಮಾರಿ."

ಟೈರಿನ ಅಂಗಡಿಯಲ್ಲಿ ಜಾತ್ರೆಯಷ್ಟು ಜನ. ಮೊದಲ ಹಿಮ ಬಿದ್ದ ಮೇಲೆಯೇ ಬುದ್ಧಿ ಬರುವುದು ಈ ಊರಿನವರ ವಂಶದ ಗುಣ; ನೆರೆ ಬಂದ ಮೇಲೆ ಕಟ್ಟೆ ಕಟ್ಟುವುದು ಅಂದರೆ ಇದೇ. ಅಂಗಡಿಯ ಒಡತಿ ಬರ್ನಿಸ್ ಕೈಯೆಲ್ಲ ಮಸಿ ಮಾಡಿಕೊಂಡು ತಲೆ ಎತ್ತಿದಳು.

"ಆ ಎರಡು ಇನ್ನೂ ಇವೆ. ನಾಲ್ಕೂ ತಗೋ ಅಂತ ಬಡ್ಕೊಂಡೆ, ಕೇಳಿದ್ಯಾ ಲಾರ್ನ್? ಈಗ ಕೂರಿಸಕ್ಕೆ ಹೊತ್ತಿಲ್ಲ. ಮುಂದಿನ ಬುಧವಾರ ಬಾ."

"ನಾಳೆ ಡಯಾಲಿಸಿಸ್ ಇದೆ," ಅಂದ ಲಾರ್ನ್. ಅವನ ದನಿ ಸಣ್ಣದಾಗಿತ್ತು.

ಬರ್ನಿಸ್ ಅವನ ಹಿಂದೆ ನಿಂತಿದ್ದ ನಾದಿಯಾಳನ್ನು ಆಗ ನೋಡಿದಳು. "ಅಯ್ಯೋ, ನೀವಾ! ಎರಡನೇ ಕ್ಲಾಸಿಂದ ಏಳನೇ ಕ್ಲಾಸಿನವರೆಗೂ ನನ್ನ ಕೈಗವಸು ಸಿಗೋವರೆಗೆ ನಮ್ಮನೆ ಗೇಟ್ ಮುಂದೆ ಬಸ್ ನಿಲ್ಲಿಸ್ಕೊಂಡಿರ್ತಿದ್ರಿ." ಕೈಯಲ್ಲಿದ್ದ ಅರ್ಧ ಸ್ಯಾಂಡ್‌ವಿಚ್ಚನ್ನು ಹಲಗೆಯ ಮೇಲೆ ಇಟ್ಟಳು. "ಊಟ ಆಮೇಲೆ ಮಾಡ್ತೀನಿ. ಗಾಡಿ ಒಳಗೆ ತಗೊಂಬಾ."

ಲಾರ್ನ್ ಪರ್ಸಿಗೆ ಕೈ ಹಾಕಿದ. ನಾದಿಯಾ ಅವನ ಕೈಯನ್ನು ಪಕ್ಕಕ್ಕೆ ತಳ್ಳಿದಳು.

"ಮುಂದಿನ ಎರಡು ನಿಂದು, ಹಿಂದಿನ ಎರಡು ನಂದು. ಅರ್ಧ ಗಾಡಿ ನಂದು ಅಂದ್ಮೇಲೆ ನಾನೂ ಮಾತಾಡ್ತೀನಿ."

"ಸತ್ತೆ," ಅಂದ ಲಾರ್ನ್. ಆದರೆ ನಗುತ್ತಿದ್ದ.

ಮಂಗಳವಾರ ಮೈನಸ್ ಹದಿನೆಂಟು. ಹಿಮ ಅಡ್ಡಡ್ಡ ಬೀಳುತ್ತಿತ್ತು. ಊರು ದಾಟುವ ಮೊದಲೇ ನಾದಿಯಾ ಶುರು ಮಾಡಿದಳು. ಮುಂದಿನ ಗಾಡಿಗೆ ಇನ್ನೂ ದೂರ ಬಿಡು. ಟೈರು ಹೊಸದಾದ್ರೆ ನಿನ್ನ ಕಣ್ಣೂ ಹೊಸದಾಗತ್ತಾ? ಕಾಫಿ ಆಮೇಲೆ ಕುಡಿ. ಹೊಳೆಯ ಸೇತುವೆ ಬಂದಾಗ ಮಾತ್ರ ಮಾತು ನಿಲ್ಲಿಸಿ ಬಾಗಿಲ ಹಿಡಿಕೆ ಹಿಡಿದುಕೊಂಡಳು. ಕಾರು ಏರು ಹಿಡಿಯಿತು. ಗಾಲಿ ಒಮ್ಮೆಯೂ ಕೂಗಲಿಲ್ಲ; ಮೇಲಿನ ಬಯಲು ಕಂಡಿತು. ನಾದಿಯಾ ಹಿಡಿಕೆ ಬಿಟ್ಟಳು.

"ಈಗ ಖುಷಿನಾ?" ಅಂದ ಲಾರ್ನ್.

"ವೈಪರ್ ರಬ್ಬರೂ ಹೋಗಿದೆ, ನೋಡು."

"ಬಾಯಿ ಮುಚ್ಕೊಂಡಿದ್ದ ನಾದಿಯಾನೇ ವಾಸಿ ಇದ್ಲು, ದೇವರಾಣೆ."

ಆಸ್ಪತ್ರೆಗೆ ಹನ್ನೊಂದು ನಿಮಿಷ ಮುಂಚೆಯೇ ತಲುಪಿದರು. ಮರೀಸೆಲ್ ಯಂತ್ರ ಸಿದ್ಧ ಮಾಡುತ್ತಿದ್ದವಳು ಹಿಮ ಮೆತ್ತಿದ ಇಬ್ಬರನ್ನೂ ನೋಡಿ ಹುಬ್ಬೇರಿಸಿದಳು.

"ಇವತ್ತು ಬರಲ್ಲ ಅಂದ್ಕೊಂಡಿದ್ದೆ. ಹಾಗಾದ್ರೆ ಫ್ಲಾಟಿನ ಫಾರಂ ಏನ್ಮಾಡ್ಲಿ ಅಮ್ಮಾ?"

ನಾದಿಯಾ ಕುರ್ಚಿಗೆ ಒರಗಿ ತೋಳು ಚಾಚಿದಳು. ಬಾಗಿಲ ಬಳಿ ಲಾರ್ನ್ ಬೂಟಿನ ಹಿಮ ಝಾಡಿಸುತ್ತಾ, ಇನ್ನೂ ಗೊಣಗುತ್ತಾ ನಿಂತಿದ್ದ. ಅವನತ್ತ ಒಮ್ಮೆ ನೋಡಿದಳು.

"ಜಗಳ ಆಡಕ್ಕೆ ಯಾರೂ ಇಲ್ದೇ ಇರೋರಿಗೆ ಕೊಡಮ್ಮ ಆ ಮನೇನ," ಅಂದಳು. "ನಂಗೆ ಇವನಿದಾನೆ."