ಮಾರ್ಚ್ ಎಂಡಿಗೆ ಬಂದ ಲಕ್ಷ್ಮಿಬಾಯಿ

ಚಪ್ಪಲಿ ಕಳಚಿದ ಸದ್ದು ಎರಡು ಜೋಡಿಯದು, ಒಂದು ಸೊಸಾಯಿಟಿಯ ಚೇರಮನ್ ಕಾಕಾಸಾಹೇಬನ ಕೊಲ್ಹಾಪುರಿ, ಆ ಕಿರ್ರೆನ್ನುವ ಸದ್ದು ಸುಗಂಧಾಳಿಗೆ ಚೆನ್ನಾಗಿ ಗೊತ್ತು, ಇನ್ನೊಂದು ಹೆಂಗಸಿನದು, ಹಗುರ — ಹೆಂಡತಿಯನ್ನು ಯಾಕೆ ಕರೆದುಕೊಂಡು ಬಂದ ಈ ಮನುಷ್ಯ, ಸಾಲ ಕೊಟ್ಟವನು ಸಾಲಗಾರನ ಮನೆಗೆ ಹೆಂಡತಿಯನ್ನು ಕರೆತರುವುದೆಂದರೆ ಏನರ್ಥ, ಪ್ರತಿ ವರ್ಷ ಮಾರ್ಚ್ ಎಂಡಿಗೆ ಒಬ್ಬನೇ ಬರುತ್ತಾನೆ, ಬಗಲಲ್ಲಿ ಚೀಲ, ಕೊಗನೊಳ್ಳಿಯಿಂದ ಮೋಟರ್‌ಸೈಕಲ್ ಮೇಲೆ ಬಂದ ಧೂಳು ಒರೆಸಿಕೊಂಡು ಚಹಾ ಕುಡಿಯುತ್ತಾನೆ, ಆಬಾಸಾಹೇಬ, ನವಾ-ಜುನಾ ಮಾಡೂಣೇನ್ರಿ, ಅನ್ನುತ್ತಾನೆ, ಅವಳ ಗಂಡ ಆಬಾಸಾಹೇಬ ಸಹಿ ಹಾಕುತ್ತಾನೆ, ಹಳೆ ಸಾಲ ಬಡ್ಡಿ ಸಮೇತ ತೀರಿತು ಅಂತ ಒಂದು ಸಹಿ, ಅಷ್ಟೂ ದುಡ್ಡು ಹೊಸದಾಗಿ ತಗೊಂಡೆವು ಅಂತ ಇನ್ನೊಂದು, ಒಂದು ರೂಪಾಯಿ ಈ ಕೈಯಿಂದ ಆ ಕೈಗೆ ದಾಟದೆ ಎಲ್ಲರೂ ಒಳ್ಳೆಯವರಾಗಿಬಿಡುತ್ತಾರೆ, ಸೊಸಾಯಿಟಿಗೆ ಬಾಕಿಯಿಲ್ಲ, ಇವರಿಗೆ ನೋಟೀಸಿಲ್ಲ, ಮನೆಯ ಮೇಲಿನ ಸಾಲ ಮಾತ್ರ ಬಳ್ಳಿಯಲ್ಲಿ ಬಿಟ್ಟ ಕುಂಬಳಕಾಯಿಯಂತೆ ಬಲಿಯುತ್ತ ಹೋಗುತ್ತದೆ. ಅಡುಗೆಮನೆಯ ಬಾಗಿಲ ಸಂದಿಯಿಂದ ಇಣುಕಿದಳು. ಬಗಲಲ್ಲಿ ಚೀಲವಿಲ್ಲ — ಈ ಸಲ ಚೀಲವಿಲ್ಲ, ಕೈಯಲ್ಲಿ ಪೇಢೆಯ ಪೊಟ್ಟಣ, ಬೇಡಲು ಬರುವವನು ಪೇಢೆ ತಂದರೆ ಸರಿ, ವಸೂಲಿಗೆ ಬರುವವನು ತಂದರೆ ಹೆದರಬೇಕು. ಅವಳಿಗೆ ಹೆದರಿಕೆಯೇ ಆಯಿತು.

ಬರ್ರಿ ಬರ್ರಿ, ಕೂಡ್ರಿ, ಅನ್ನುತ್ತಿದ್ದಾನೆ ಗಂಡ, ಬೆಪ್ಪು, ಇವನಿಗೆ ಯಾವುದೂ ಕಾಣಿಸುವುದಿಲ್ಲ, ಕಾಕಾಸಾಹೇಬ ಕುರ್ಚಿಯಲ್ಲಿ ಕೂತು ಮೇಲೆ ನೋಡುತ್ತಿರುವುದೂ ಕಾಣಿಸುವುದಿಲ್ಲ, ಉಂಡ ಮನೆಯ ಗಳ ಎಣಿಸಬಾರದು ಅನ್ನುತ್ತಾರೆ, ಸ್ಲ್ಯಾಬಿನ ಮನೆಗೆ ಗಳ ಎಲ್ಲಿಂದ ಬರಬೇಕು, ಅದಕ್ಕೇ ಫ್ಯಾನು ಎಣಿಸುತ್ತಿದ್ದಾನೆ, ಉಂಡದ್ದೇನು ಕಡಿಮೆಯೇ, ವಾಸ್ತುಶಾಂತಿಯ ದಿನ ಮೊದಲ ಪಂಕ್ತಿಯಲ್ಲಿ ಅವನದೇ ಮೊದಲ ಎಲೆ, ಹೋಳಿಗೆಯ ಮೇಲೆ ತುಪ್ಪ ಅವಳೇ ಸುರಿದಳು, ಸಾಕ್ರಿ ವೈನಿ ಸಾಕು, ಅನ್ನುತ್ತ ಕೈ ಮಾತ್ರ ಅಡ್ಡ ಹಿಡಿಯಲಿಲ್ಲ. ಅವತ್ತೇ ಅಂದುಕೊಂಡಿದ್ದನೇ, ಈ ಮನೆ ನನ್ನದು ಅಂತ? ಇಲ್ಲ, ಅದಕ್ಕೂ ಮೊದಲೇ, ಮನೆ ಕಟ್ಟಲು ಸಾಲ ಕೇಳಹೋದ ದಿನ ಸೊಸಾಯಿಟಿಯಲ್ಲಿ ಗಂಡ-ಹೆಂಡತಿ ಇಬ್ಬರನ್ನೂ ಕೂಡಿಸಿಕೊಂಡು, ಪಗಾರ ಎಷ್ಟ ತಿಂಗಳ ಬರ್ತೈತಿ ಆಬಾಸಾಹೇಬ, ಅಂತ ಕೇಳಿದಾಗ — ತಂಬಾಕು ವಖಾರಿಯಲ್ಲಿ ತೂಕ ಮಾಡುವವನಿಗೆ ಸುಗ್ಗಿ ಇರುವಷ್ಟು ದಿನ ಪಗಾರ, ಆಮೇಲೆ ಮಳೆಗಾಲವೆಲ್ಲ ಕೈ ಖಾಲಿ, ನಿಪ್ಪಾಣಿಯಲ್ಲಿ ಹಾಲು ಕುಡಿಯುವ ಕೂಸಿಗೂ ಇದು ಗೊತ್ತು — ಗಂಡ ತಲೆ ಕೆರೆದುಕೊಂಡ, ಅವಳೇ ಬಾಯಿ ಹಾಕಿದಳು, ಹನ್ನೆರಡೂ ತಿಂಗಳ ಬರ್ತೈತ್ರಿ. ಕಾಕಾಸಾಹೇಬ ನಕ್ಕ. ಹಂಗಾದ್ರ ಹಿಂದಿನ ಖೋಲಿಗೂ ಸ್ಲ್ಯಾಬ ಹಾಕ್ಸೇ ಬಿಡ್ರಿ ವೈನಿ, ಮನೀ ಏನ ದಿನಾ ಕಟ್ತಾರೇನು. ನಂಬಿ ನಕ್ಕನೋ, ನಂಬದೆ ನಕ್ಕನೋ, ಸುಳ್ಳು ಹೇಳಿದವಳು ಅವಳು, ಹೌದು, ಬಾಡಿಗೆ ಮನೆಯ ಒಂದೇ ಖೋಲಿಯಲ್ಲಿ ಸೀಮೆಎಣ್ಣೆಯ ಹೊಗೆ ಕುಡಿದು ಕುಡಿದು ಸಾಕಾಗಿ ಹೇಳಿದಳು, ಆದರೆ ಸುಳ್ಳೆಂದು ತಿಳಿದೂ ಅದರ ಮೇಲೆ ಇನ್ನೊಂದು ಖೋಲಿ ಏರಿಸಿದವನು ಯಾರು, ತಪ್ಪು ಸುಳ್ಳು ಹೇಳಿದ ನಾಲಿಗೆಯದೋ, ನೋಡಿಯೂ ಮುಚ್ಚಿಕೊಂಡ ಕಣ್ಣಿನದೋ. ಈ ಲೆಕ್ಕ ಅವಳಿಗೆ ಯಾವತ್ತೂ ಸರಿಹೋಗಿಲ್ಲ.

ಸುಗಂಧಾ, ಚಹಾ ಇಡಾಕತ್ತೀಯೇನವಾ, ಅನ್ನುತ್ತ ಕಾಕಾಸಾಹೇಬನ ಹೆಂಡತಿ ಲಕ್ಷ್ಮಿಬಾಯಿ ಅಡುಗೆಮನೆಗೇ ಬಂದಳು, ಕರೆಯದೆ, ಕಾಲು ತೊಳೆದುಕೊಂಡು, ಅದೊಂದು ಮರ್ಯಾದೆ, ಬರ್ರಿ ಅಕ್ಕಾರ, ಅಂದಳು ಸುಗಂಧಾ, ಮತ್ತೇನು ಅನ್ನಲಿ, ಲಕ್ಷ್ಮಿಬಾಯಿ ನಳದ ಬಾಯಿಗೆ ಕಟ್ಟಿದ ಗಾಳಣಿಯ ಬಟ್ಟೆ ಮುಟ್ಟಿ ನೋಡಿದಳು, ಎಷ್ಟ ಹೊತ್ತ ಬರ್ತಾವ ನೀರ, ಮುಂಜಾನೆ ಒಂದ ತಾಸ್ರಿ, ಸಂಜೀಕ? ಸಂಜೀಕ ಇಲ್ರಿ, ಬ್ಯಾಸಗ್ಯಾಗ? — ಬೇರೆಯವರ ಮನೆಯ ಬೇಸಿಗೆಯ ನೀರು ಇವಳಿಗೆ ಯಾಕೆ ಬೇಕು, ಕಿಟಕಿಯ ಚಿಲಕ ಹಾಕಿ ತೆಗೆದು ನೋಡುತ್ತಾಳೆ, ಮೂಡಣ ಐತಿ ಅಲ್ಲಾ ಇದು, ಚಲೋ ಆತು, ಯಾರಿಗೆ ಚಲೋ ಆಯಿತು, ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಬಳೆಗಾರ್ತಿ ಶೇವಂತಾ ಅಂದದ್ದು ಈಗ ನೆನಪಾಗುತ್ತದೆ, ಕಾಕಾಸಾಹೇಬ್ರ ನಿಪ್ಪಾಣ್ಯಾಗ ಮನೀ ನೋಡಾಕತ್ತಾರಂತ ನೋಡ್ರಿ, ಹಳ್ಳಿ ಸಾಕಾಗೇತಂತ ಅವ್ರ ಮನ್ಯಾಗ. ಅವತ್ತು ಸುಗಂಧಾ ನಕ್ಕಿದ್ದಳು, ನೋಡಲಿ ಬಿಡ್ರಿ, ದುಡ್ಡಿದ್ದವರು.

ಹೊರಗೆ ಕಾಕಾಸಾಹೇಬನ ಧ್ವನಿ ಇಳಿಯಿತು, ಇಳಿದ ಧ್ವನಿಗೇ ಕಿವಿ ಕೊಡಬೇಕು, ಈ ಸಲ ನವಾ-ಜುನಾ ಆಗೂದಿಲ್ಲ ಆಬಾಸಾಹೇಬ, ಆಡಿಟ್‌ನವರು ಕುಂತಾರ, ಮನೀ ಲಿಲಾವ್ ಅಂತ ಡಂಗುರ ಹೊಡಸಿದ್ರ ನಿಮ್ಮ ಮಾನ ಹೋಗ್ತೈತಿ, ನಮ್ಮ ಮಂದೀ ಒಳಗ ಯಾರಿಗರೆ ಮನೀ ಕೊಟ್ಟಬಿಟ್ರ ಸಾಲದ ಬಾಯಿ ಮುಚ್ಚತೈತಿ — ಗಂಡ ಅನ್ನುತ್ತಿದ್ದಾನೆ, ನೀವ ಕೊಟ್ರಿ ಅಂತ ತಗೊಂಡ್ವಲ್ರಿ ನಾವು, ತಡವಿಲ್ಲದೆ ಉತ್ತರ, ನೀವ ಕೇಳಿದ್ರಿ ಅಂತ ಕೊಟ್ವಲ್ರಿ ನಾವು. ಎರಡೂ ಖರೆ, ಎರಡೂ ಖರೆಯಾದರೆ ಮನೆ ಯಾಕೆ ಒಬ್ಬರದೇ ಹೋಗಬೇಕು, ಅವನ ಬೆರಳಿಗೆ ಒಂದು ಗೀರಾದರೂ ಆಯಿತೇ, ಹೊರಗೆ ಹೋಗಿ ಕೇಳಬೇಕು, ಈಗಲೇ, ಈ ಚಹಾದ ಟ್ರೇ ಅವನ ಎದುರಿಗೆ ಕುಕ್ಕಿ ಕೇಳಬೇಕು, ಆದರೆ ಹನ್ನೆರಡೂ ತಿಂಗಳ ಅಂದವರು ಯಾರು ವೈನಿ, ಅಂತ ಅವನು ನಕ್ಕರೆ? ಗಂಡ ಈವರೆಗೆ ಒಂದು ಸಲವೂ ಆ ಮಾತು ಎತ್ತಿಲ್ಲ, ಇವತ್ತು ಎತ್ತಿಯಾನು. ಅವಳು ಕಪ್ಪಿಗೆ ಚಹಾ ಸೋಸಿದಳು.

ಸೋಸುತ್ತಲೇ ಓರೆಗಣ್ಣಿನಿಂದ ನೋಡಿದಳು. ಲಕ್ಷ್ಮಿಬಾಯಿ ಕಡಪಾ ಕಲ್ಲಿನ ಕಟ್ಟೆಯ ಮುಂದೆ ನಿಂತಿದ್ದಾಳೆ, ಎತ್ತರದ ಹೆಂಗಸು, ಈ ಕಟ್ಟೆ ಸುಗಂಧಾಳ ಗಿಡ್ಡ ಮೈಗೆ ಅಂತಲೇ ಮಾಡಿದ್ದು, ಇಷ್ಟ ಕೆಳಗಾ ಅಕ್ಕಾರ, ಅಂತ ಗೌಂಡಿ ಜಕ್ಕಪ್ಪ ನಕ್ಕಾಗ, ಹೌದು, ನಿಂತು ಮಾಡಾಕಿ ನಾನ ಅಲ್ಲಾ, ಅಂದಿದ್ದಳು, ಎಷ್ಟು ಜಂಬ ಆ ಮಾತಿನಲ್ಲಿ — ಲಕ್ಷ್ಮಿಬಾಯಿ ರೊಟ್ಟಿ ಬಡಿಯುವವಳ ಹಾಗೆ ಎರಡೂ ಅಂಗೈ ಊರಿ ಬಾಗಿದಳು, ನಡು ಹಿಡಿಯಿತೇನೋ, ನೆಟ್ಟಗಾದಳು, ಆಮೇಲೆ ಯಾರೂ ನೋಡುತ್ತಿಲ್ಲ ಅಂದುಕೊಂಡು ಕಿರುಬೆರಳು ಕಲ್ಲಿಗೆ ಹಚ್ಚಿ ಹೆಬ್ಬೆರಳು ಮೇಲಕ್ಕೆ ಚಾಚಿ ಅಳೆದಳು, ಒಂದು ಗೇಣು. ಸುಗಂಧಾ, ಚಹಾ ಆತೇನ, ಗಂಡ ಕೂಗುತ್ತಿದ್ದಾನೆ, ಆತ್ರಿ, ಬಂದೆ, ಹೋಗಿ ಕೇಳಬೇಕು, ಏನು ಕೇಳಬೇಕೆಂದಿದ್ದೆ, ನೀವ ಕೊಟ್ರಿ, ನೀವ ಕೇಳಿದ್ರಿ, ಒಂದು ಗೇಣು, ಸಕ್ಕರೆ ಹಾಕಿದೆನೋ ಇಲ್ಲವೋ, ಹಸಿರು ಬಳೆಯ ಕೈ, ಕಿರುಬೆರಳು ಕಲ್ಲಿನ ಮೇಲೆ, ಹೆಬ್ಬೆರಳು ಗಾಳಿಯಲ್ಲಿ, ನಡುವೆ ಒಂದು ಗೇಣು.