ಒಂದು ಡಬ್ಬ, ಹತ್ತು ಲೋಟ

ಬೆಳಿಗ್ಗೆ ಅಚ್ಚು ಬಿಚ್ಚಿದಾಗ ಗೋಳ ಅಡ್ಡಡ್ಡ ಸೀಳಿತ್ತು. ಗಾಜಿನಂತೆ ತಿಳಿಯಾಗಿರಬೇಕಿದ್ದ ಕುಂಬಳಕಾಯಿ ಗಾತ್ರದ ರೆಸಿನ್ ಗೋಳ. ಒಳಗೆಲ್ಲ ಹಳದಿ ತಿರುಗಿ, ನಡುವಿನ ಕೆಂಪು ಕೋಶಕೇಂದ್ರ ಬಿರುಕಿನಲ್ಲಿ ಸೊಟ್ಟಗೆ ಸಿಕ್ಕಿಕೊಂಡಿತ್ತು. ಶಾಲೆ ಕಾಲೇಜುಗಳಿಗೆ ವಿಜ್ಞಾನದ ಮಾದರಿ ಮಾಡಿಕೊಡುವ ಆ ಕಾರ್ಖಾನೆಯಲ್ಲಿ (ಕಾರ್ಖಾನೆ ಅಂದರೆ ಎರಡು ಶೆಡ್ಡು, ನಡುವೆ ಒಂದು ಅಂಗಳ) ಅಷ್ಟು ದೊಡ್ಡ ಜೀವಕೋಶವನ್ನು ಅದುವರೆಗೆ ಯಾರೂ ಎರಕ ಹೊಯ್ದಿರಲಿಲ್ಲ. ಹೊಯ್ದವನು ಸಿಡುಕ.

ಆ ಹೆಸರಿಟ್ಟದ್ದು ಅತ್ತೆ. ಸುಮ್ಮನೆ ಇಟ್ಟದ್ದಲ್ಲ. ಏಳನೇ ಕ್ಲಾಸಿನ ನಡುವರ್ಷದಲ್ಲಿ ಮೇಷ್ಟರ ಮೇಲೆ ರೇಗಿ ಹೊರಬಿದ್ದವನು ಮತ್ತೆ ಶಾಲೆಯ ಗೇಟು ತುಳಿದಿರಲಿಲ್ಲ. ಸೋದರಮಾವನ ಕಾರ್ಖಾನೆಗೆ ಬಂದು ಕಿಟಕಿಯಿಲ್ಲದ ಹಿಂದಿನ ಶೆಡ್ಡಿನಲ್ಲಿ ಎಂಟು ವರ್ಷ ಪ್ಲಾಸ್ಟರ್ ಮಾದರಿಗಳನ್ನು ಮರಳುಕಾಗದದಲ್ಲಿ ಉಜ್ಜಿದ. ಹೃದಯ ಉಜ್ಜಿದ, ಮೂತ್ರಪಿಂಡ ಉಜ್ಜಿದ, ಕಪ್ಪೆಯ ಹೊಟ್ಟೆ ಉಜ್ಜಿದ. ಪ್ಲಾಸ್ಟರ್ ಪುಡಿ ಮೂಗಿನಿಂದ ಎದೆಗಿಳಿಯಿತು. ಕೂತರೂ ಕೆಮ್ಮು, ಮಲಗಿದರೂ ಕೆಮ್ಮು. ಮೂರು ತಿಂಗಳ ಹಿಂದೆ ಮಾವ ಮುಂದಿನ ಶೆಡ್ಡಿನ ಎರಕದ ಕೆಲಸ ಕೊಟ್ಟ ಮೇಲೆ, ಅಲ್ಲಿನ ಅಗಲ ಕಿಟಕಿಯ ಪಕ್ಕದಲ್ಲಿ, ಅವನ ಎದೆ ಮೊದಲ ಸಲ ಹಗುರಾಗಿತ್ತು.

"ಲೋ, ಹಾರ್ಡ್‌ನರ್ ಎಷ್ಟು ಹಾಕ್ದೆ?" ಎಂದರು ಮಾವ. ದ್ರವವಾಗಿರುವ ರೆಸಿನ್ನನ್ನು ಕಲ್ಲಾಗಿಸುವುದು ಅದೇ.

"ನೀವು ಹೇಳಿದಷ್ಟೇ."

"ಸುಳ್ಳು. ಎಣಿಸೋಕೆ ಬರೋನಾಗಿದ್ರೆ ಸ್ಕೂಲು ಯಾಕೆ ಬಿಡ್ತಿದ್ದೆ?"

ಸಿಡುಕನ ಕಿವಿ ಕೆಂಪಾಯಿತು. "ಅಳತೆ ಪುಸ್ತಕ ನಿಮ್ಮ ಜೇಬಲ್ಲೇ ಇದೆ. ಮುಟ್ಟೋಕೂ ಬಿಡಲ್ಲ. ನೀವು ಓದಿದ್ದನ್ನ ನಾನು ಹಾಕ್ದೆ. ಒಡೆದಾಗ ಮಾತ್ರ ನಂದಾ?"

"ಬಾಯಿ! ಇವತ್ತೇ ಕಾಲೇಜಿನ ಮೇಡಂ ಇದನ್ನ ತಗೊಳ್ಳೋಕೆ ಬರ್ತಾರೆ. ಇದರ ಮೇಲೆ ಇನ್ನೊಂದು ಒಡೀತೋ, ನೀನು ಹಿಂದಿನ ಶೆಡ್ಡಿಗೆ. ಮತ್ತೆ ಮುಂದೆ ಬರೋ ಮಾತೇ ಇಲ್ಲ."

ಸಿಡುಕ ಬಕೆಟ್ಟನ್ನು ಒದೆಯಲು ಕಾಲೆತ್ತಿದ. ಅಷ್ಟರಲ್ಲಿ ಕಿಟಕಿಯ ಮೇಲಿನ ಕಾಗದದ ಲೋಟ ಕಣ್ಣಿಗೆ ಬಿತ್ತು. ನಿನ್ನೆ ಬಕೆಟ್ಟಿನಲ್ಲಿ ಉಳಿದ ಒಂದಿಷ್ಟು ರೆಸಿನ್ನನ್ನು ಅವನೇ ಅದಕ್ಕೆ ಸುರಿದಿಟ್ಟಿದ್ದ. ಕಾಗದ ಹರಿದು ನೋಡಿದ. ನೀರಿನಂತೆ ತಿಳಿ. ಒಂದು ಗೆರೆಯಿಲ್ಲ.

"ನೋಡಿ! ಇದೂ ಅದೇ ಬಕೆಟ್ಟಿಂದು. ಹಾರ್ಡ್‌ನರ್ ಜಾಸ್ತಿಯಾಗಿದ್ರೆ ಇದೂ ಒಡೀಬೇಕಿತ್ತು."

ಮಾವ ನೋಡಲಿಲ್ಲ. ಒಡೆದ ಗೋಳದ ಮೇಲೆ ಗೋಣಿಚೀಲ ಹೊದಿಸಿ ಕೈ ಒರೆಸಿಕೊಂಡರು.

ಮಧ್ಯಾಹ್ನ ಕಾಲೇಜಿನ ಜೀವಶಾಸ್ತ್ರದ ಮೇಡಂ ಬಂದಾಗ, ಅಂಗಳದಲ್ಲಿ ಬಣ್ಣ ಹಚ್ಚುತ್ತಿದ್ದ ಅತ್ತೆ ಬ್ರಷ್ಷನ್ನೇ ಗೋಣಿಯತ್ತ ಚಾಚಿ, "ನಿಮ್ಮ ಜೀವಕೋಶ ಅಲ್ಲಿ ಮುಸುಕು ಹಾಕ್ಕೊಂಡು ಕೂತಿದೆ ಮೇಡಂ" ಎಂದಳು. ಮಾವ ಹಲ್ಲು ಕಚ್ಚಿದರು. ಮೇಡಂ ಗೋಣಿ ಎತ್ತಿ ನೋಡಿ ಜೋರಾಗಿ ನಕ್ಕರು.

"ನಗೋಕೇನಿದೆ ಇದ್ರಲ್ಲಿ?" ಸಿಡುಕ ಎಗರಿದ.

"ನಿನ್ನ ನೋಡಿ ನಗ್ಲಿಲ್ಲಪ್ಪಾ. ಪ್ರತಿ ವರ್ಷ ಬೋರ್ಡ್ ಮೇಲೆ ಬರೆದು ಬರೆದು ಸಾಕಾಗಿತ್ತು ನಂಗೆ, ಇಲ್ಲಿ ಪಾಠ ತಾನೇ ಒಡೆದು ಕೂತಿದೆ. ಗಟ್ಟಿಯಾಗುವಾಗ ಮುಟ್ಟಿ ನೋಡಿದ್ಯಾ?"

"ಕೆಂಡದ ಹಾಗಿತ್ತು. ಲೋಟದ್ದು ಬರೀ ಬೆಚ್ಚಗಿತ್ತು."

"ಬಿಸಿ ಹುಟ್ಟೋದು ಗೋಳದ ಇಡೀ ಹೊಟ್ಟೇಲಿ. ಆಚೆ ಹೋಗೋಕೆ ದಾರಿ ಚರ್ಮ ಒಂದೇ. ಅಗಲ ಎರಡರಷ್ಟಾದ್ರೆ ಚರ್ಮ ನಾಲ್ಕರಷ್ಟು, ಹೊಟ್ಟೆ ಎಂಟರಷ್ಟು. ಬಿಸಿ ಒಳಗೇ ಉಳಿದು ಸೀಳುತ್ತೆ."

ಯಾರೋ ಹೇಳಿದರು ಅಂತ ನಂಬುವ ಜಾಯಮಾನ ಅವನದಲ್ಲ. ಒಂದೇ ಅಳತೆಯ, ಘನಾಕಾರದ ಎಂಟು ಪ್ಲಾಸ್ಟರ್ ತುಂಡು ತಂದು, ಕೆಳಗೆ ನಾಲ್ಕು ಮೇಲೆ ನಾಲ್ಕು ಜೋಡಿಸಿದ. ಒಂದು ತುಂಡಿಗೆ ಆರು ಮುಖ. ಈ ಗುಡ್ಡೆಗೆ, ಬೆರಳು ಮಡಚಿ ಎಣಿಸಿದ, ಹೊರಗೆ ಕಾಣುವುದು ಇಪ್ಪತ್ತನಾಲ್ಕು. ತುಂಡು ಎಂಟು ಪಟ್ಟು, ಮುಖ ನಾಲ್ಕೇ ಪಟ್ಟು. ಉಳಿದವೆಲ್ಲ ಒಳಗೆ ಒಂದಕ್ಕೊಂದು ಅಂಟಿಕೊಂಡು ಕುರುಡಾಗಿದ್ದವು.

"ಜೀವಕೋಶದ ಕಷ್ಟಾನೂ ಇದೇ," ಎಂದರು ಮೇಡಂ. "ಆಹಾರ ಬರೋದೂ ಚರ್ಮದಿಂದ, ಕಸ ಹೋಗೋದೂ ಚರ್ಮದಿಂದ. ಬೆಳೀತಾನೇ ಹೋದ್ರೆ ಹೊಟ್ಟೆ ಕೇಳಿದಷ್ಟು ಚರ್ಮ ಒದಗಿಸೋಕಾಗಲ್ಲ. ಅದಕ್ಕೇ ಒಂದು ಹದಕ್ಕೆ ಬೆಳೆದು ಎರಡಾಗೋದು."

"ಆನೇದು?"

"ಆನೇದೂ ಇಲೀದೂ ಹೆಚ್ಚುಕಮ್ಮಿ ಒಂದೇ ಗಾತ್ರ. ಆನೇಲಿ ಲೆಕ್ಕಕ್ಕೆ ಜಾಸ್ತಿ, ಅಷ್ಟೆ."

"ನಮ್ಮ ಯಜಮಾನರ ಹೊಟ್ಟೆ ಮಾತ್ರ ಎರಡೂ ಆಗ್ತಿಲ್ಲ, ನಿಲ್ತಾನೂ ಇಲ್ಲ," ಎಂದಳು ಅತ್ತೆ.

ಸಿಡುಕ ನಗಲಿಲ್ಲ. ಮಾವನ ಎದುರು ಹೊಸ ಬಕೆಟ್ ಇಟ್ಟ. "ನೀವೇ ಬೆರೆಸಿ. ನಾನು ಮುಟ್ಟಲ್ಲ."

ಮಾವ ಮೇಡಂ ಮುಖ ನೋಡಿ, ಬೇರೆ ದಾರಿ ಕಾಣದೆ, ಪುಸ್ತಕ ತೆಗೆದು ತಮ್ಮ ಕೈಯಾರೆ ಅಳೆದು ಬೆರೆಸಿದರು. ಅರ್ಧ ಒಂದು ಡಬ್ಬಕ್ಕೆ, ಇನ್ನರ್ಧ ಹತ್ತು ಲೋಟಕ್ಕೆ. ನಾಲ್ವರೂ ಕಾದು ಕೂತರು. ಡಬ್ಬದ ಮೇಲೆ ಮೊದಲು ಸಣ್ಣ ಹೊಗೆ ಎದ್ದಿತು. ಆಮೇಲೆ ಒಳಗಿನಿಂದ 'ಟಪ್' ಎಂದಿತು. ಇನ್ನೊಮ್ಮೆ 'ಟಪ್'. ಲೋಟಗಳು ಉಸಿರೆತ್ತಲಿಲ್ಲ.

ಮಾವ ಬಗ್ಗಿ ಡಬ್ಬದೊಳಗಿನ ಬಿರುಕು ನೋಡಿದರು. ತಪ್ಪಾಯಿತು ಎನ್ನಲಿಲ್ಲ. ಅವರ ಬಾಯಿಂದ ಆ ಮಾತು ಬರುತ್ತದೆಂದು ಸಿಡುಕನೂ ಕಾಯಲಿಲ್ಲ.

"ದೊಡ್ಡದು ಬೇಡ ಬಿಡಿ," ಎಂದರು ಮೇಡಂ. "ನಿಂಬೆಹಣ್ಣಿನ ಗಾತ್ರದವು ಮಾಡಿ. ನಮ್ಮ ಮೈಚರ್ಮದ ಒಂದು ಜೀವಕೋಶ ಎರಡಾಗೋದನ್ನ ಹಂತಹಂತವಾಗಿ ತೋರಿಸೋ ಹಾಗೆ."

ಮಾವ ಚುರುಕಾಗಿ ಕಪಾಟಿನಿಂದ ಹಳೆಯ ಪ್ಲಾಸ್ಟರ್ ಮಾದರಿ ತಂದರು. ತಾಯಿಕೋಶದಲ್ಲಿ ನಮೂನೆಗೆಂದು ನಾಲ್ಕೇ ವರ್ಣತಂತು, ಮಕ್ಕಳಲ್ಲಿ ತಲಾ ಎರಡು. ಸಮಪಾಲು.

"ಇದು ತಪ್ಪು," ಎಂದರು ಮೇಡಂ. "ಆ ತಂತುಗಳಲ್ಲೇ ಕೋಶ ನಡೆಸೋ ವಿಧಾನವೆಲ್ಲ ಬರೆದಿರೋದು. ಅರ್ಧರ್ಧ ಹಂಚಿದ್ರೆ ಎರಡೂ ಕೆಡ್ತವೆ. ಮೊದಲು ಒಂದೊಂದಕ್ಕೂ ನಕಲು ಆಗಬೇಕು. ಆಮೇಲೆ ಎಲ್ಲ ನಡುವೆ ಸಾಲಾಗಿ ನಿಂತು, ಜೋಡಿ ಬಿಟ್ಟು, ಒಂದು ಆ ಕಡೆ, ಅದರ ನಕಲು ಈ ಕಡೆ. ಇಬ್ಬರಿಗೂ ಪೂರ್ತಿ ನಾಲ್ಕು. ಸೊಂಟ ಕಿರಿದಾಗಿ ಎರಡಾಗೋದು ಕೊನೇಲಿ."

ಒಂದು ವಾರ ಸಿಡುಕ ಮುಂದಿನ ಶೆಡ್ಡು ಬಿಟ್ಟು ಅಲುಗಲಿಲ್ಲ. ಅತ್ತೆ ಬಣ್ಣ ಹಚ್ಚಿದ ತಂತುಗಳನ್ನು ಚಿಮಟದಲ್ಲಿ ಹಿಡಿದು ರೆಸಿನ್ನಿನೊಳಗೆ ನಿಲ್ಲಿಸಿದ. ಎರಡು ಸಲ ತಂತು ವಾಲಿತು. ಅವನ ಬಾಯಿಂದ ಬಂದ ಮಾತಿಗೆ ಅತ್ತೆ ಕಿವಿ ಮುಚ್ಚಿಕೊಂಡಳು. ಆದರೆ ಒಂದು ಗೋಳವೂ ಒಡೆಯಲಿಲ್ಲ. ಮೇಡಂ ಮತ್ತೆ ಬಂದು ಅವನ್ನು ಬೆಳಕಿಗೆ ಹಿಡಿದು ತಂತು ಎಣಿಸಿ, ಇನ್ನೂ ಆರು ಸೆಟ್ ಬೇಕೆಂದು ಹೇಳಿ ಹೋದರು.

ಮಾವ ಕಿಟಕಿಯ ಬಳಿ ಬಂದು ಕೆಮ್ಮಿದರು. "ರೆಸಿನ್ ಕೆಲಸ ಇನ್ಮೇಲೆ ನಿಂದು. ಹಿಂದಿನ ಶೆಡ್ಡಿಗೆ ಬೇರೆಯವರನ್ನ ನೋಡ್ತೀನಿ."

"ಅಲ್ಲಿ ಗೋಡೆಗೊಂದು ಕಿಟಕಿ ಇಡಿಸಿದ ಮೇಲೆ ನೋಡಿ. ಅವರಿಗೂ ಎದೆ ಇರುತ್ತೆ."

"ಆಯ್ತು ಮಾರಾಯಾ, ಇಡಿಸ್ತೀನಿ." ಮಾವ ಅಳತೆ ಪುಸ್ತಕ ತೆಗೆದು, ಕೊನೆಯ ಐದಾರು ಹಾಳೆ ಹಿಡಿದು ಹರಿಯಲು ಹೊರಟರು. "ತಗೋ, ರೆಸಿನ್ನಿಂದು."

ಸಿಡುಕ ಅವರ ಮಣಿಕಟ್ಟು ಹಿಡಿದ. "ಹರೀಬೇಡಿ. ಅಚ್ಚಿನ ಅಳತೆ ನೀವು ಓದೋದು ಮೊದಲ ಹಾಳೆಗಳಿಂದ. ಅದಿಲ್ದೆ ಇದನ್ನ ಇಟ್ಕೊಂಡು ಏನು ಮಾಡ್ಲಿ? ನಿಮಗೂ ಇದಿಲ್ದೆ ಆಗಲ್ಲ."

"ಹಾಗಾದ್ರೆ ಇಡೀ ಪುಸ್ತಕ ಕೊಟ್ಬಿಡ್ಲಾ ನಿಂಗೆ?"

"ನಿಮ್ದು ನಿಮ್ಮತ್ರ ಇರ್ಲಿ. ನಂಗೂ ಪೂರ್ತಿ ಬೇಕು. ಬರ್ಕೋತೀನಿ."

ಮೂವತ್ತು ವರ್ಷ ಜೇಬು ಬಿಟ್ಟು ಇಳಿಯದ ಪುಸ್ತಕ. ಮಾವ ಹೆಂಡತಿಯ ಕಡೆ ನೋಡಿದರು. ಅವಳು ಒಂದು ಖಾಲಿ ನೋಟ್‌ಬುಕ್ ತಂದು ಸಿಡುಕನ ಮುಂದೆ ಇಟ್ಟಳು. ಮಾವ ಪುಸ್ತಕವನ್ನು ಬೆಂಚಿನ ಮೇಲೆ ಬಿಚ್ಚಿಟ್ಟು, ಕಾವಲಿಗೆಂಬಂತೆ ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತರು.

ಬರೆಯುವ ಅಭ್ಯಾಸ ತಪ್ಪಿಹೋಗಿದ್ದ ಬೆರಳು ಬೇಗ ನೋಯುತ್ತಿತ್ತು. ಒಂದು ಸಾಲೂ ಬಿಡದೆ ಬರೆದ. ರೆಸಿನ್ನಿನ ಹಾಳೆ ಬಂದಾಗ, ಮಾವನ ಅಳತೆಯ ಕೆಳಗೆ ತನ್ನದೊಂದು ಸಾಲು ಸೇರಿಸಿದ.

"ಏನದು? ನಮ್ಮ ಪುಸ್ತಕದಲ್ಲಿಲ್ಲ ಅದು."

"ಈ ಅಳತೆ ನಿಂಬೆಹಣ್ಣಿನ ಗಾತ್ರದವರೆಗೆ ಮಾತ್ರ. ಅದಕ್ಕಿಂತ ದೊಡ್ಡದನ್ನ ಒಂದೇ ಸಲ ಹೊಯ್ಯಬಾರದು."

ಮಾವ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, ಹಳೆಯ ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

"ಇನ್ನೊಂದ್ಸಲ ಹೇಳು. ನಿಧಾನಕ್ಕೆ."