ಪೆಡಲಿಲ್ಲದ ಸೀಟುಗಳು

ಮೈಸೂರು ಬಿಟ್ಟಾಗಿನಿಂದ ಜಾಕಿರ್ ಬೋಗಿಯ ಬಾಗಿಲ ಬಳಿ ನಿಂತು, ಇಪ್ಪತ್ನಾಲ್ಕು ಸೀಟುಗಳಲ್ಲಿ ಕೂತವರ ಮುಖವನ್ನೇ ನೋಡುತ್ತಿದ್ದ. ಯಾರಾದರೂ ಚೂರು ಮಿಸುಕಿದರೆ ಸಾಕು, ತಾನು ಕಟ್ಟಿದ ಸೀಟಿನ ಸ್ಪಂಜು ಗಟ್ಟಿಯಾಯಿತೇನೋ ಎಂದು ಅತ್ತ ಕತ್ತು ಚಾಚುತ್ತಿದ್ದ.

ಗುಂಡ್ಲುಪೇಟೆಯಲ್ಲಿ ಬಸ್ಸು ಲಾರಿಗಳಿಗೆ ಸೀಟು ಕಟ್ಟುವವನಿಗೆ ರೈಲಿನ ಕೆಲಸ ಸಿಗುವುದೆಂದರೆ ಹುಡುಗಾಟವೇ? ಆ ಊರಿಗೆ ರೈಲೇ ಇಲ್ಲ. ನಿಂತ ಬೋಗಿಯೊಳಗೆ ಹದಿನೈದು ದಿನ ಸುತ್ತಿಗೆ ಹಿಡಿದಿದ್ದ ನಿಜ, ಆದರೆ ಓಡುವ ರೈಲನ್ನು ಅವನು ಹತ್ತಿದ್ದು ನಲವತ್ತೆರಡನೆಯ ವಯಸ್ಸಿನಲ್ಲಿ, ಈ ಭಾನುವಾರವೇ ಮೊದಲು.

ಕೆಲಸ ಕೊಡಿಸಿದವಳು ಉಮ್ಮತ್ತೂರಿನ ಭವ್ಯ. ಮೈಸೂರಿನ ಪ್ರವಾಸದ ಕಂಪನಿಯೊಂದರಲ್ಲಿ ಅವಳಿಗೆ ಹೊಸ ನೌಕರಿ, ಇನ್ನೂ ಕಾಯಂ ಆಗಿರಲಿಲ್ಲ. ಜಪಾನಿನಲ್ಲಿ ಊರು ಸೇರುವುದಕ್ಕಲ್ಲ, ಕೂತು ಸುಖಪಡುವುದಕ್ಕೇ ರೈಲು ಮಾಡುತ್ತಾರೆ ಎಂದು ಅವಳು ಫೋನಿನಲ್ಲಿ ಫೋಟೊ ತೋರಿಸಿದ್ದಳು. ಆಳೆತ್ತರದ ಗಾಜು, ಮುಂದಕ್ಕೂ ಕಿಟಕಿಗೂ ನಡುವೆ ಓರೆಯಾಗಿ ನಿಂತ ಸೀಟು, ಊಟದ ಡಬ್ಬಿ ಇಡಲು ಅಂಗೈಯಗಲದ ಮೇಜು. ಇವತ್ತಿನ ಪರೀಕ್ಷೆಯ ಓಡಾಟ ಚೆನ್ನಾಗಿ ಆದರೆ ಇನ್ನೂ ಮೂರು ಬೋಗಿಯ ಸೀಟು ಜಾಕಿರನಿಗೆ, ಕೆಟ್ಟರೆ ಬೆಂಗಳೂರಿನವರಿಗೆ. ಈಗ ಹೊಸ ಬಸ್ಸುಗಳೆಲ್ಲ ಸೀಟು ಹೊತ್ತುಕೊಂಡೇ ಬರುತ್ತವೆ. ಆ ಮೂರು ಬೋಗಿ ಕೈಗೆ ಬರದಿದ್ದರೆ ಅವನ ಶೆಡ್ಡಿನ ಬಾಗಿಲು ಮುಚ್ಚುವುದೇ ಸೈ.

ರೈಲೇನೋ ಸುಖವಾಗಿಯೇ ಚಾಮರಾಜನಗರ ಮುಟ್ಟಿತು. ಜನ ಚಪ್ಪಾಳೆ ತಟ್ಟಿದರು. ಜಾಕಿರನ ತಾಯಿ ರಹೀಮುನ್ನೀಸಾ ಕಂಡಕಂಡವರಿಗೆಲ್ಲ "ನಮ್ ಮಗಾ ಕಟ್ಟಿದ್ದು ಇದು" ಎಂದು ಸೀಟಿನ ಕೈ ತಟ್ಟಿ ತೋರಿಸುತ್ತಿದ್ದರು. ಅಬ್ಬಾ, ಗೆದ್ದೆ ಎಂದುಕೊಂಡು ಜಾಕಿರ್ ಪ್ಲಾಟ್‌ಫಾರಂಗೆ ಇಳಿದು ಟೀ ಹಿಡಿದ.

ಎದುರಿಗೇ ಎಂಜಿನ್ನು ಬೋಗಿಗಳಿಂದ ಕಳಚಿಕೊಂಡು, ಪಕ್ಕದ ಹಳಿ ಹಿಡಿದು ಹಿಂದಕ್ಕೆ ಹೊರಟಿತು. ಅಲ್ಲಿ ಹಸಿರು ಬಾವುಟ ಹಿಡಿದು ನಿಂತಿದ್ದ ರೈಲ್ವೆಯ ಶಿವಮಲ್ಲಪ್ಪನನ್ನು ಜಾಕಿರ್ ಸುಮ್ಮನೆ ಮಾತಿಗೆಂದು ಕೇಳಿದ: "ಅಣ್ಣ, ಬೋಗಿಗಳ್ನ ಎಲ್ಲಿ ತಿರುಗಿಸ್ತಾರೆ?"

"ಬೋಗಿ ಯಾಕ್ ತಿರುಗಿಸ್ತಾರೆ ಸಾಯ್ಬ್ರೆ? ಬಸ್ಸು ಅಂದ್ಕಂಡ್ರಾ?" ಶಿವಮಲ್ಲಪ್ಪ ನಕ್ಕ. "ಎಂಜಿನ್ನು ಆ ತುದಿಗೋಯ್ತದೆ. ಬೋಗಿ ಇದ್ದಂಗೇ ವಾಪಸ್ ಓಯ್ತದೆ, ಅಷ್ಟೆ ಕಣ."

ಜಾಕಿರ್ ಟೀ ಲೋಟ ಕೆಳಗಿಟ್ಟ. ಬೋಗಿ ಇದ್ದಂಗೇ ಹೋಗುತ್ತದೆ ಅಂದರೆ, ಸೀಟಿನಲ್ಲಿ ಕೂತವರು? ಮೈಸೂರಿನವರೆಗೆ ಬೆನ್ನು ಮುಂದಾಗಿ!

ಜಾಕಿರ್ ಫೋನು ತೆಗೆದು ಜಪಾನಿನ ಫೋಟೊ ದೊಡ್ಡದು ಮಾಡಿ ನೋಡಿದ. ಪ್ರತಿ ಸೀಟಿನ ಬುಡದಲ್ಲೂ ಒಂದು ಪೆಡಲು. ಅದನ್ನು ತುಳಿದು ಸೀಟನ್ನೇ ತಿರುಗಿಸುವುದು! ಅಯ್ಯೋ ನನ್ನ ಬುದ್ಧಿಗಿಷ್ಟು. ಅದು ಬೆನ್ನು ಒರಗಿಸುವ ಕಡ್ಡಿ ಎಂದುಕೊಂಡಿದ್ದ. ಅವನ ಉಸ್ತಾದ್ ಮೊದಲು ಕಲಿಸಿದ ಪಾಠವೇ ಅದು, ಸೀಟಿನ ಬುಡದಲ್ಲಿ ಏನೂ ಚಾಚಿಕೊಂಡಿರಬಾರದು, ಸೀರೆಯಂಚು, ಬುರ್ಖಾದ ತುದಿ ಸಿಕ್ಕಿಕೊಂಡು ಹೆಂಗಸರು ಬೀಳುತ್ತಾರೆ. ಅದಕ್ಕೇ ಬಿಟ್ಟುಬಿಟ್ಟಿದ್ದ. ಸಾಲದ್ದಕ್ಕೆ ಬೋಲ್ಟು ಬಿಗಿದು ನಟ್ಟಿನ ಮೇಲೆ ವೆಲ್ಡಿಂಗ್ ಬೇರೆ ಹೊಡೆದಿದ್ದ. ಊಟಿ, ವಯನಾಡಿನ ಘಾಟಿ ಹತ್ತುವ ಬಸ್ಸುಗಳಿಗೆ ಹಾಗೆ ಮಾಡಿ ಮಾಡಿ ರೂಢಿ. ಈಗ ಬಿಚ್ಚುವ ಮಾತೇ ಇಲ್ಲ, ರೈಲು ಹೊರಡಲು ಮುಕ್ಕಾಲು ಗಂಟೆಯೂ ಉಳಿದಿರಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಹತ್ತು ದಿನದ ಹಿಂದೆ ಭವ್ಯ ಫೋನಿನಲ್ಲಿ ಕೇಳಿದ್ದಳು, "ಭಾಯ್, ಪೆಡಲು ಹಾಕಿದ್ರಾ?" ಯಾರು ವಾದ ಮಾಡುತ್ತಾರೆಂದು ಅವನು "ಹ್ಞೂಂ ಮೇಡಂ, ಎಲ್ಲಾ ಫೋಟೊದಲ್ಲಿರೋ ಹಂಗೇ" ಎಂದುಬಿಟ್ಟಿದ್ದ.

ನಿಲ್ದಾಣದ ಹಿಂದಿನ ರಸ್ತೆಯಿಂದ ಬಸ್ಸಿನ ಹಾರನ್ನು ಕೇಳಿಸಿತು. ಒಂದು ಕ್ಷಣ, ಅಮ್ಮನನ್ನು ಕರೆದುಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿಬಿಡೋಣವೇ ಎನ್ನಿಸಿತು. ಛೀ, ಕಳ್ಳನೇ ನಾನು ಎಂದು ತನ್ನನ್ನೇ ಬೈದುಕೊಂಡು ಬೋಗಿಯೊಳಗೆ ಓಡಿದ.

ಅಷ್ಟರಲ್ಲೇ ಕಂಪನಿಯ ಮೇಲಧಿಕಾರಿ ಸುನೀಲ್ ಕುಮಾರ್‌ಗೆ ವಿಷಯ ಹೊಳೆದಿತ್ತು. ಭವ್ಯಳನ್ನು ನಿಲ್ಲಿಸಿಕೊಂಡು ಬೈಯುತ್ತಿದ್ದರು.

"ತಿರುಗೋ ಸೀಟು ಅಂತ ಬರೆದು ಕೊಟ್ಟಿದ್ರೇನ್ರೀ?"

"ಇಲ್ಲ ಸರ್, ಫೋಟೊ ಕೊಟ್ಟಿದ್ದೆ. ಆಮೇಲೆ ಕೇಳಿದೆ, ಹಾಕಿದೀವಿ ಅಂದ್ರು."

"ನಾಳೆಯಿಂದ ನೀವು ಬರೋದೇ ಬೇಡ. ಕೆಲಸ ಮಾಡೋರ ಮೇಲೆ ಯಾಕೆ ತಪ್ಪು ಹಾಕ್ತೀರಿ?" ಸುನೀಲ್ ಕುಮಾರ್ ತಿರುಗಿದರು. "ಜಾಕಿರ್, ಇವರು ಕೇಳಿದ್ರಾ ನಿಮ್ಮನ್ನ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಜಾಕಿರ್ ಕೈಯನ್ನು ಅಂಗಿಗೆ ಒರೆಸಿಕೊಂಡ. ಇಲ್ಲ ಎಂದರೆ ಮುಗಿಯಿತು. ಮೂರು ಬೋಗಿಯೂ ಉಳಿಯುತ್ತದೆ, ಶೆಡ್ಡೂ ಉಳಿಯುತ್ತದೆ. ಫೋನಿನ ಮಾತಿಗೆ ಸಾಕ್ಷಿ ಯಾರು? ಇಲ್ಲ ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಭವ್ಯ ಅವನನ್ನು ನೋಡಲೂ ಇಲ್ಲ. ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು.

"ಕೇಳಿದ್ರು ಸರ್," ಎಂದ ಜಾಕಿರ್. ಅವನ ದನಿ ಅವನಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ: "ಮೇಡಂ ಕೇಳಿದ್ರು. ಹಾಕಿದೀನಿ ಅಂತ ನಾನೇ ಸುಳ್ಳು ಹೇಳ್ಬುಟ್ಟೆ. ತಪ್ಪು ನಂದು."

ಬೋಗಿಯಲ್ಲಿ ಇದ್ದವರೆಲ್ಲ ಕತ್ತು ತಿರುಗಿಸಿ ನೋಡಿದರು. ಸುನೀಲ್ ಕುಮಾರ್ "ಉಳಿದ ಬೋಗಿ ಬೆಂಗಳೂರಿನವರೇ ಮಾಡಲಿ ಬಿಡಿ" ಎಂದು ಇಳಿದು ಹೋದರು. ಭವ್ಯಳನ್ನು ಮತ್ತೆ ಬೈಯಲಿಲ್ಲ.

ಎಲ್ಲರನ್ನೂ ಬೆನ್ನು ಮುಂದಾಗಿ ಕೂರಿಸಿಕೊಂಡು ರೈಲು ಹೊರಟಿತು. ಬದನಗುಪ್ಪೆ ಬರುವಷ್ಟರಲ್ಲಿ ಜನ ಒಬ್ಬೊಬ್ಬರಾಗಿ ತಲೆಸುತ್ತು ತಡೆಯಲಾರದೆ ಎದ್ದರು. ಬಾಗಿಲ ಬಳಿ, ನಡುದಾರಿಯಲ್ಲಿ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ನಿಂತರು. ಯಾರೂ ಜಾಕಿರನನ್ನು ಬೈಯಲಿಲ್ಲ, ಅದೇ ಅವನಿಗೆ ಹೆಚ್ಚು ಸಂಕಟವಾಯಿತು.

ಖಾಲಿ ಸೀಟುಗಳ ನಡುವೆ ರಹೀಮುನ್ನೀಸಾ ಒಬ್ಬರೇ ಕೂತಿದ್ದರು. ಗುಂಡ್ಲುಪೇಟೆಯಿಂದ ಹೊರಟ ಬಸ್ಸು ಬೇಗೂರು ದಾಟುವ ಮುಂಚೆಯೇ ವಾಂತಿ ಮಾಡಿಕೊಳ್ಳುವ ಜೀವ ಅದು. ಮುಖ ಬೆವತು, ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಸೀಟನ್ನು ಹಿಡಿದಿದ್ದರು.

ಜಾಕಿರ್ ಬಗ್ಗಿ ಮನೆಮಾತಿನಲ್ಲಿ ಬೇಡಿಕೊಂಡ: "ಅಮ್ಮಾ, ಏಳಿ. ಬಾಗಿಲ ಹತ್ತಿರ ಗಾಳಿ ಬರುತ್ತೆ."

"ಏಳಲ್ಲ ಹೋಗು."

"ಯಾಕಮ್ಮಾ ಹಟ?"

"ನಾನೂ ಎದ್ದರೆ ನಿನ್ನ ಸೀಟಲ್ಲಿ ಇನ್ಯಾರು ಕೂರ್ತಾರೋ?"

ಜಾಕಿರ್ ಅಮ್ಮನ ತಲೆಯನ್ನು ಹೊಟ್ಟೆಗೆ ಒರಗಿಸಿಕೊಂಡು ನಿಂತ. ಕವಲಂದೆ ಹತ್ತಿರ ಅವರಿಗೆ ಇನ್ನು ತಡೆಯಲಾಗಲಿಲ್ಲ. ಅವನು ಎರಡೂ ಕೈ ಬೊಗಸೆಯೊಡ್ಡಿದ, ಬೊಗಸೆ ಸಾಲಲಿಲ್ಲ. ಭವ್ಯ ನೀರಿನ ಬಾಟಲಿ ಹಿಡಿದು ಓಡಿ ಬಂದಳು.

ರಹೀಮುನ್ನೀಸಾ ಬಾಯಿ ಒರೆಸಿಕೊಂಡು, ಕಣ್ಣು ತೆರೆಯದೆಯೇ ಮೊದಲು ಕೇಳಿದ್ದು ಒಂದೇ ಮಾತು: "ಸೀಟಿಗೆ ಬಿತ್ತೇನೋ?"

"ಇಲ್ಲಮ್ಮಾ," ಎಂದ ಜಾಕಿರ್, ಸೀಟನ್ನು ಅಂಗಿಯ ತೋಳಿನಿಂದ ಒರೆಸುತ್ತಾ. "ಒಂದು ಹನಿಯೂ ಬಿದ್ದಿಲ್ಲ."